ಕಾದ ಮೇಲೆ ಬರಬೇಕಾದ ಸದ್ದು

ಟಣ್, ಟಣ್, ಇದು ಎಡಗಡೆಯ ಪೆಟ್ಟು, ಸಣ್ಣ ಸುತ್ತಿಗೆಯದು, ಅಡುಗೆಮನೆಯಲ್ಲಿ ಕೂತರೂ ಗೊತ್ತಾಗುತ್ತದೆ ನನಗೆ, ಗೋಡೆಯಾಚೆ ಗ್ಯಾರೇಜಿನಲ್ಲಿ ಅವರು ಸರಳಿನ ಯಾವ ತುದಿಗೆ ಬಡಿಯುತ್ತಿದ್ದಾರೆಂದು, ಚಹಾ ಉಕ್ಕಿ ಬರುತ್ತಿದೆ, ಬರಲಿ — ಇಷ್ಟು ಹೊತ್ತಿಗೆ ನಾನು ಅಲ್ಲಿರಬೇಕಿತ್ತು, ನನ್ನ ಗಂಡನ ಹಿಂದೆ, ಅವರ ಬೆನ್ನ ಮೇಲೆ ಅಂಗೈ ಇಟ್ಟುಕೊಂಡು, ವಾಲ್ವು ಸಡಿಲಾದ ಸದ್ದು ಬಂದೊಡನೆ ಒಮ್ಮೆ ಒತ್ತಲು. ಹನ್ನೆರಡು ವರ್ಷ ಹಾಗೆ ನಿಂತಿದ್ದೇನೆ. ತಗಡು ಬಡಿದು ಬಡಿದು ಹೋದ ಕಿವಿ ಅವರದು, ಗಜೇಂದ್ರಗಡದಲ್ಲಿ ಯಾರಿಗೂ ತಿಳಿಯದು, ತುಟಿ ನೋಡಿ ಮಾತು ಹಿಡಿಯುತ್ತಾರೆ, ಜನ ಗುರುಸಂಗಪ್ಪ ಮಿತಭಾಷಿ ಅಂದುಕೊಂಡಿದ್ದಾರೆ, ಅಂದುಕೊಳ್ಳಲಿ, ಆ ಗುಟ್ಟು ಮನೆಯೊಳಗೆ ನಮ್ಮಿಬ್ಬರ ನಡುವೆ ದೇವರ ಜಗಲಿಯ ದೀಪದ ಹಾಗೆ ಇತ್ತು, ಇತ್ತು ಅಂತ ತಿಳಿದಿದ್ದೆ ನಾನು, ನಿನ್ನೆ ಕನಕರಾಜ ಅದನ್ನು ಹಲ್ಲು ಬಿಟ್ಟು ಹೇಳುವ ತನಕ — ಅತ್ತಿ, ಮಾಮಾಗ ಕೇಳ್ಸೂದಿಲ್ಲಂತ ಅವರ ನನಗ ಹೇಳ್ಯಾರ್ರಿ, ಇನ್ನ ನೀವು ಎಣ್ಣ್ಯಾಗ ಸೀರಿ ಹೊಲಸ ಮಾಡ್ಕೊಳ್ಳೂದು ಬ್ಯಾಡ, ನಿಮ್ಮ ಪೋಸ್ಟಿಗೆ ನಾ ಬಂದೇನಿ. ಇವರ ಅಕ್ಕನ ಮಗ, ಹುಬ್ಬಳ್ಳಿಯ ದೊಡ್ಡ ಗ್ಯಾರೇಜಿನಲ್ಲಿ ಎಂಟು ವರ್ಷ ದುಡಿದು ಬಂದವನು, ಕೊರಳಲ್ಲಿ ದವಾಖಾನೆಯ ಡಾಕ್ಟರರ ನಳಿಗೆಯಂಥದ್ದು, ಇಂಜಿನ್ನಿನ ಎದೆಗಿಟ್ಟು ಕೇಳುವುದಂತೆ. ಇವರು ಅದನ್ನು ಕೈಯಲ್ಲಿ ಹಿಡಿದು ತಿರುವಿ ತಿರುವಿ ನೋಡಿ ನಕ್ಕರು. ಆ ನಗು ನನ್ನದು, ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಬೆರಳಲ್ಲಿ ಎಣಿಸುವಷ್ಟೇ ಸಲ ನಕ್ಕಿದ್ದಾರೆ, ಅವನಿಗೆ ಬಂದ ಎರಡೇ ದಿನಕ್ಕೆ ಸಿಕ್ಕಿತು. ಶಿವನೇ, ಇಷ್ಟು ಸಣ್ಣ ಮನಸ್ಸು ಯಾಕೆ ಕೊಟ್ಟೆ, ಸಕ್ಕರೆ ಹಾಕಿದೆನೋ ಇಲ್ಲವೋ, ಹಾಕಿದೆ.

ಟಣ್. ಬಲಗಡೆ. ಅವಸರದ ಪೆಟ್ಟು, ಇದು ಅವನ ಕೈ, ಇವರದಲ್ಲ, ಇವರು ಹಿಂದಿನ ಸಂಜೆಯೇ ಸರಳಿಗೆ ಡೀಸೆಲ್ಲು ಕುಡಿಸಿ ಮಲಗುವವರು, ಬೆಳಿಗ್ಗೆ ಆಚೆ ಎರಡು ಪೆಟ್ಟು ಈಚೆ ಎರಡು ಪೆಟ್ಟು, ಮೊಟ್ಟೆಯನ್ನು ತಟ್ಟಿದ ಹಾಗೆ, ಆಮೇಲೆ ಪೆನ್ಸಿಲ್ಲಿನ ಕಡ್ಡಿಯಂಥ ಕರಿ ಗ್ರಾಫೈಟ್ ಪುಡಿ, ಅಲ್ಲಿ ಎಣ್ಣೆ ಉಳಿದರೆ ಸುಟ್ಟು ಡಾಂಬರಾಗುತ್ತದೆ. ನರಗುಂದದ ಶ್ರೀಧರರಾಯರ ಈ ನೀಲಿ ಕಾರು ಅವರ ತಂದೆಯ ಕಾಲದ್ದು, ಶಿವರಾತ್ರಿ ಮುಗಿದು ಬಿಸಿಲು ಏರುವ ಮೊದಲು ವರ್ಷಕ್ಕೊಮ್ಮೆ ಬರುತ್ತದೆ, ಇದೊಂದಕ್ಕಾಗಿ, ಹೊಗೆಯ ಕೊಳವೆಯೊಳಗಿನ ಆ ಸರಳಿನ ಮೇಲೆ ತಿರುಗುವ, ಅಂಗೈಯಷ್ಟೂ ಇಲ್ಲದ ಒಂದು ತಗಡಿಗಾಗಿ, ಅದೇ ವಾಲ್ವು. ತಣ್ಣಗಿದ್ದಾಗ ಅದು ಮುಚ್ಚಿಕೊಂಡು ಬಿಸಿ ಹೊಗೆಯನ್ನು ಕಾರ್ಬೋರೇಟರಿನ ಬುಡಕ್ಕೆ ತಿರುಗಿಸುತ್ತದೆ, ಇಂಜಿನ್ನು ಕಾದ ಮೇಲೆ ಸುರುಳಿ ಸ್ಪ್ರಿಂಗು ಸಡಿಲಾಗಿ ತಾನೇ ತೆರೆಯಬೇಕು, ತುಕ್ಕು ಹಿಡಿದು ಮುಚ್ಚಿದಲ್ಲೇ ಕೂತರೆ ಪೆಟ್ರೋಲು ಕುದ್ದು ಕಾರು ನಡುದಾರಿಯಲ್ಲಿ ನಿಲ್ಲುತ್ತದೆ. ಬೇರೆ ಮಿಸ್ತ್ರಿಗಳು, ತಂತಿ ಬಿಗದು ತೆರದ ಇಟ್ಟುಬಿಡ್ರಿ, ನಮ್ಮ ಬಿಸಲಿಗೆ ಇದೆಲ್ಲಾ ಯಾಕ ಬೇಕು ಅನ್ನುತ್ತಾರೆ, ಇವರು ಒಪ್ಪುವುದಿಲ್ಲ, ಮಾಡಿದವ ಮಾಡಿಟ್ಟ ಹಾಂಗ ಇರಬೇಕು ಅನ್ನುತ್ತಾರೆ. ರೋಣದ ಮಠದಲ್ಲಿ ಅಪ್ಪ ಪುರಾಣ ಓದುವಾಗಲೂ ಹೀಗೇ ಅನ್ನುತ್ತಿದ್ದ, ಕಂಬಕ್ಕೆ ಒರಗಿ ಕೂತ ನಾನು ಅರ್ಥ ತಿಳಿಯದೆ ಷಟ್ಪದಿ ಕೇಳುತ್ತಿದ್ದೆ, ಬೇರೆ ಯಾರಾದರೂ ಓದಿ ಒಂದು ಮಾತ್ರೆ ನುಂಗಿದರೆ ಅಪ್ಪ ನನ್ನತ್ತ ತಿರುಗುತ್ತಿದ್ದ, ಎಲ್ಲಿ ಎಡವಿದ್ರು ಹೇಳವ್ವ ಕಲ್ಲೂ, ನಾನು ಬೆರಳು ಮಡಚಿ ತೋರಿಸುತ್ತಿದ್ದೆ. ಅಕ್ಷರ ಹೆಚ್ಚು ಕಲಿಯಲಿಲ್ಲ, ಕಿವಿ ಕಲಿಯಿತು. ಆ ಕಿವಿಯನ್ನೇ ತವರಿನಿಂದ ತಂದೆ, ಬೇರೇನೂ ತರಲಿಲ್ಲ, ಅದನ್ನೀಗ ಒಂದು ರಬ್ಬರು ನಳಿಗೆ —

ಕಾರು ಚಾಲೂ ಆಯಿತು. ಹಿಂದಿನ ಸೀಟಿನಲ್ಲಿ ರಾಯರ ತಾಯಿ ಗಂಗಾಬಾಯಿ ಆಗಲೇ ಕೂತಿದ್ದಾರೆ, ಎಂಬತ್ತೆರಡು ವಯಸ್ಸು, ಬಂದಾಗಲೇ ಕೂಗಿದ್ದರು, ಕಲ್ಲವ್ವಾ, ನಿನ್ನ ಚಹಾಕ್ಕ ಬಂದೇನಿ ನೋಡು, ಕಾರು ಬರೇ ನೆವಾ. ರಾಯರದು ಅವಸರ, ಆತೇನಪಾ ಕನಕರಾಜ, ಊಟದ ಹೊತ್ತಿಗೆ ನರಗುಂದ ಮುಟ್ಟಬೇಕು, ಅವ್ವನ ಗುಳಿಗಿ ಅದಾವ. ಇಂಜಿನ್ನು ಕಾಯುತ್ತಿದೆ, ಕಪ್ಪುಗಳನ್ನು ತಾಟಿನಲ್ಲಿಟ್ಟುಕೊಂಡು ಬಾಗಿಲಿಗೆ ಬಂದೆ, ಅವನು ಕಿವಿಗೆ ನಳಿಗೆ ಸಿಗಿಸಿ ಕಣ್ಣು ಮುಚ್ಚಿದ್ದಾನೆ, ಪೂಜೆಗೆ ಕೂತವರ ಹಾಗೆ, ಅವನ ಒಂದು ಕೈ ಇವರ ಬೆನ್ನ ಮೇಲೆ, ನನ್ನ ಜಾಗದ ಮೇಲೆ, ರಾಯರು ಒಮ್ಮೆ ಎಕ್ಸಲೇಟರ್ ಒತ್ತಿದರು, ಈಗ ಬರಬೇಕು, ತಗಡು ತೆರೆದು ಸರಳಿನ ತುದಿಯ ತೂಕದ ಗುಂಡು ಕೆಳಗೆ ಬಿದ್ದು ಟಕ್ — ಬರಲಿಲ್ಲ. ಇನ್ನೊಮ್ಮೆ ಒತ್ತಿದರು. ಬರಲಿಲ್ಲ. ಬಾಯಿಗೆ ಸೆರಗು ಒತ್ತಿ ಮಾತಾಡಿದಂಥ ದನಿ, ಹೊಗೆ ಒಳಗೇ ಸುತ್ತುತ್ತಿದೆ, ತಣ್ಣಗಿದ್ದಾಗ ಆಡಿದ ಸರಳು ಕಾದು ಬಿಗಿದಿದೆ. ಎಲ್ಲಾ ಕ್ಲಿಯರ್ ಐತಿ ಮಾಮಾ, ಭಾಳ ಚಲೋ ಬಿಚ್ಚೇತಿ, ಅಂದ ಕನಕರಾಜ, ನಳಿಗೆ ತೆಗೆಯುತ್ತ. ನನ್ನೊಳಗೆ ಏನೋ ಸಿಹಿಯಾಗಿ ಇಳಿಯಿತು, ಹೋಗಲಿ, ಮುಶಿಗೇರಿ ದಾಟಿ ನೆರಳಿಲ್ಲದ ಕಡೆ ನಿಲ್ಲಲಿ, ರಾಯರ ಫೋನು ಬರಲಿ, ಈ ವರ್ಷ ಕಲ್ಲವ್ವ ಯಾಕೆ ಹಿಂದೆ ನಿಲ್ಲಲಿಲ್ಲ ಅಂತ ಕೇಳಲಿ, ಆಗ ನಳಿಗೆ ಮೊಳೆಗೆ ತೂಗುಬೀಳಲಿ. ಗಂಗಾಬಾಯಿ ಕಪ್ಪು ತಗೊಂಡರು, ಬಸಿಯಲ್ಲಿ ಸುರಿದು ಸೊರ್ ಎಂದು ಕುಡಿದರು, ನಿನ್ನ ಕೈ ಗುಣನ ಬ್ಯಾರೆ ಬಿಡವಾ. ಇವರು ಇನ್ನೂ ಬಾನೆಟ್ಟು ಇಳಿಸಿರಲಿಲ್ಲ. ಯಾಕೆ ಇಳಿಸಲಿಲ್ಲ, ಅವನ ತುಟಿ ಓದಿದ್ದರಲ್ಲ, ಒಂದು ಕೈ ಬಾನೆಟ್ಟಿಗೆ ಕೊಟ್ಟು ನಿಂತೇ ಇದ್ದರು, ಆಮೇಲೆ ಅವನ ಹೆಗಲಿನ ಮೇಲಿಂದ ನನ್ನ ಕಡೆ ನೋಡಿದರು, ಹುಬ್ಬು ಎತ್ತಿದರು, ಅಷ್ಟೇ, ಹೌದೋ ಅಲ್ಲವೋ ಎಂದು. ನಾನು ಕತ್ತು ಆಡಿಸಿದೆ. ಹೌದು ಎಂದು. ಹೊಟ್ಟೆಕಿಚ್ಚು ಮೊದಲೇ ಸಿದ್ಧಮಾಡಿಟ್ಟ ಹೌದು ಅದು, ಅವರು ಕೇಳಿದ್ದು ನನ್ನನ್ನು ಎಂದು ತಿಳಿಯುವ ಮೊದಲೇ ಕತ್ತು ಇಳಿದಿತ್ತು. ಬಾನೆಟ್ಟು ಬಿತ್ತು. ಹೋಗ್ರಿ ರಾಯರ, ಬೇಫಿಕರ್ ಹೋಗ್ರಿ, ಅಂದರು, ಕಿವಿ ಕೇಳದವರ ಆ ಎತ್ತರದ ದನಿಯಲ್ಲಿ, ಆಮೇಲೆ ನನ್ನ ಹತ್ತಿರ ಬಂದು ಕೈ ಒರೆಸಿಕೊಳ್ಳುತ್ತ, ಮೊಣಕಾಲ ನೋವಂತ ರಾತ್ರಿ ನರಳ್ತಿದ್ದಿ, ಅದಕ ಅವನ್ನ ನಿಂದರ್ಸಿದೆ, ಹೌದಂತ ಅನ್ನಾಕ ನೀ ಅದಿಯಲ್ಲ. ಕಾರು ರೋಣದ ರಸ್ತೆಗೆ ಹೊರಳಿದೆ, ಗಂಗಾಬಾಯಿಯ ಬಿಳಿ ತಲೆ ಹಿಂದಿನ ಗಾಜಿನಲ್ಲಿ, ನಾನು ಕೂಗಿದರೆ ಇವರಿಗೆ ಕೇಳಿಸದು, ಕನಕರಾಜನಿಗೆ ಕೇಳಿಸುತ್ತದೆ, ಅವನ ಬೈಕು ಅಲ್ಲೇ ನಿಂತಿದೆ, ಒಂದು ಕೂಗು ಸಾಕು, ಲಗೂ ಹೋಗೋ ಕನಕಾ ಎಂಬ ಒಂದು ಕೂಗು, ಆದರೆ ಕೂಗಿದರೆ ನನ್ನ ಹೌದು ಸುಳ್ಳೆಂದು ಇವರು ನನ್ನ ತುಟಿಯಲ್ಲೇ ಓದುತ್ತಾರೆ, ತಾಟು ಹಿಡಿದೇ ನಿಂತಿದ್ದೇನೆ, ಬಾನೆಟ್ಟು ಹಿಡಿದ ಕೈ, ಎತ್ತಿದ ಹುಬ್ಬು, ನನ್ನ ಕಡೆಗೆ, ನನ್ನೊಬ್ಬಳ ಕಡೆಗೆ, ಎತ್ತಿದ ಹುಬ್ಬು —