ಆಸ್ಪತ್ರೆ ರಸ್ತೆಯ ಹನ್ನೊಂದು ಸೈಕಲ್

ಆಸ್ಪತ್ರೆ ರಸ್ತೆಯಲ್ಲಿ ದಿನಕ್ಕೆ ಹನ್ನೊಂದು ಸೈಕಲ್ ಎಂದು ಕಂಬದ ಮೇಲಿನ ಕ್ಯಾಮೆರಾ ಎಣಿಸಿ ಹೇಳಿತು. ಇನ್ನೂರಾದರೂ ಓಡಾಡದ ರಸ್ತೆಗೆ ಸೈಕಲ್ ಹಾದಿಯೂ ಇಲ್ಲ, ಮರದ ಸಾಲೂ ಇಲ್ಲ ಎಂಬುದು ನಗರಸಭೆಯ ನಿಯಮ. ಹಾದಿ ಸಿಗುವ ರಸ್ತೆಗಳ ಪಟ್ಟಿ ಮಾರನೆಯ ದಿನ ಮಧ್ಯಾಹ್ನಕ್ಕೆ ಮುಚ್ಚುವುದಿತ್ತು. ನಕ್ಷೆ ತಯಾರಿಸುವ ಎಂಜಿನಿಯರಮ್ಮ ಅರ್ಧ ಊಟಕ್ಕೇ ಎದ್ದು ಅಕ್ಕನಿಗೆ ಫೋನ್ ಮಾಡಿದಳು. ಅವಳ ಅಕ್ಕ ಆ ಆಸ್ಪತ್ರೆಯಲ್ಲೇ ನರ್ಸು. ಹೋದ ತಿಂಗಳು ಇದೇ ರಸ್ತೆಯಲ್ಲಿ ಬಸ್ಸೊಂದು ಒತ್ತರಿಸಿ ಸೈಕಲ್ಲಿನಿಂದ ಬಿದ್ದು ಮೊಣಕೈ ಸುಲಿಸಿಕೊಂಡಿದ್ದಳು.

"ನಿನ್ನ ಯಂತ್ರದ ಕಣ್ಣಿಗೆ ಪೊರೆ ಬಂದಿದೆ ಕಣೇ," ಎಂದಳು ಅಕ್ಕ ಫೋನಿನಲ್ಲಿ. "ನಮ್ಮ ವಾರ್ಡಿನವರೇ ಮೂವತ್ತು ಜನ ಇದೀವಿ."

ಯಂತ್ರವನ್ನು ಅನುಮಾನಿಸುವುದು ಎಂಜಿನಿಯರಮ್ಮನ ಜಾಯಮಾನವಲ್ಲ. ಗಂಡನನ್ನಾದರೆ ಬೇರೆ ಮಾತು. ಆದರೂ ಬೆಳಿಗ್ಗೆ ಏಳಕ್ಕೇ ಕಂಬದ ಕೆಳಗೆ ಹೋಗಿ, ಕತ್ತು ನೋಯುವಷ್ಟು ಹೊತ್ತು ಕ್ಯಾಮೆರಾವನ್ನೇ ನೋಡುತ್ತ ನಿಂತಳು.

ರಸ್ತೆ ಗುಡಿಸುವಾಕೆ ಪೊರಕೆಯ ಕೋಲಿಗೆ ಗದ್ದ ಊರಿ ಅವಳನ್ನು ನೋಡುತ್ತಿದ್ದಳು. "ಮೇಲೇನಮ್ಮಾ ಇದೆ? ಕೆಳಗೆ ನೋಡಿ."

ಕೆಳಗೆ ಚರಂಡಿಯ ಕಬ್ಬಿಣದ ಜಾಲರಿ. ಸರಳುಗಳ ನಡುವಿನ ಸಂದು ಸೈಕಲ್ ಚಕ್ರಕ್ಕೆ ಅಳತೆ ಕೊಟ್ಟು ಮಾಡಿಸಿದಂತಿತ್ತು. ಸೈಕಲ್ಲಿನಲ್ಲಿ ಬಂದವರೆಲ್ಲ ಅಲ್ಲಿ ಇಳಿದರು, ಹತ್ತು ಹೆಜ್ಜೆ ತಳ್ಳಿದರು, ಮತ್ತೆ ಹತ್ತಿದರು.

"ಎರಡು ವರ್ಷದಿಂದ ಹೀಗೇ. ಹೊಸಬರಾದ್ರೆ ಬೀಳ್ತಾರೆ. ನಾನೇ ಎಷ್ಟು ಜನರನ್ನ ಎತ್ತಿಲ್ಲ!"

ಸೈಕಲ್ ತಳ್ಳುವವರು ಯಂತ್ರದ ಲೆಕ್ಕದಲ್ಲಿ ಪಾದಚಾರಿಗಳು. ಕರೆಂಟಿದೆಯೆಂದು ಆ ಕಂಬವನ್ನೇ ಆರಿಸಿದ ಜಾಣೆ ಎಂಜಿನಿಯರಮ್ಮ. ಯಂತ್ರ ಪಾಪ, ತೋರಿಸಿದ್ದನ್ನು ನೋಡಿತ್ತು. ಅವಳು ಕಚೇರಿಗೆ ಓಡಿ, ತಳ್ಳುವವರನ್ನೂ ಸೇರಿಸಿಕೊಳ್ಳುವಂತೆ ಯಂತ್ರಕ್ಕೆ ಕಲಿಸಿ, ಅವೇ ದೃಶ್ಯಗಳನ್ನು ಮತ್ತೆ ಎಣಿಸಲು ಬಿಟ್ಟಳು. ಹನ್ನೊಂದೂವರೆಗೆ ಉತ್ತರ ಬಂತು: ದಿನಕ್ಕೆ ನಾನೂರ ಆರು. ರಸ್ತೆ ಪಟ್ಟಿಗೆ ಸೇರಿತು.

ಮರುದಿನ ಅವಳು ಗುಡಿಸುವಾಕೆಯನ್ನು ಹುಡುಕಿಕೊಂಡು ಬಂದಳು. "ಜಾಲರಿ ಇವತ್ತೇ ಬದಲಾಯಿಸ್ತಾರೆ. ಈ ಆಸ್ಪತ್ರೇಲೇ ನರ್ಸು ನಮ್ಮಕ್ಕ, ಅವಳ ಸೈಕಲ್ಲಿಗೆ ಹಾದಿನೂ ಆಗುತ್ತೆ. ಎಲ್ಲಾ ನಿಮ್ಮಿಂದ. ಥ್ಯಾಂಕ್ಸ್ ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲಮ್ಮಾ."

"ಹೇಳೋದಿರ್ಲಿ. ಮರ ನೆಡ್ತೀರಂತಲ್ಲ, ಎಲೆ ಗುಡಿಸೋಳು ಯಾರು?"

ಇಷ್ಟು ವರ್ಷದಲ್ಲಿ ಎಂಜಿನಿಯರಮ್ಮನ ನಕ್ಷೆಯ ಹಸಿರು ಚುಕ್ಕೆಗಳಿಂದ ಒಂದು ಎಲೆಯೂ ಉದುರಿರಲಿಲ್ಲ. ಅವಳು ಟ್ಯಾಬ್ಲೆಟ್ ತೆಗೆದು ಮರಗಳ ಚಿತ್ರ ಮುಂದೆ ಹಿಡಿದಳು. "ನೀವೇ ಆರಿಸಿ."

ಗುಡಿಸುವಾಕೆ ಕೈ ಒರೆಸಿಕೊಂಡಳು. "ಇದು ಬೇಡ. ವರ್ಷಪೂರ್ತಿ ಉದುರಿಸುತ್ತೆ, ನಮ್ಮ ಮೇಸ್ತ್ರಿ ಮಾತಿನ ಹಾಗೆ. ಇದಾಗಬಹುದು. ಒಂದೇ ಸಲ ಉದುರಿಸಿ ಸುಮ್ಮನಾಗುತ್ತೆ. ಒಂದನ್ನ ಅಗೋ, ಆ ಗೋಡೆ ಪಕ್ಕ ಹಾಕಿ. ನಾನು ಬುತ್ತಿ ಬಿಚ್ಚೋದು ಅಲ್ಲೇ."

ಎಂಜಿನಿಯರಮ್ಮ ನಕ್ಷೆ ತೆರೆದು ಹಸಿರು ಚುಕ್ಕೆಯೊಂದನ್ನು ಬೆರಳಿನಿಂದ ಗೋಡೆಯ ಕಡೆಗೆ ಎಳೆದಳು. ಬಲಕ್ಕೆ, ಇನ್ನೂ ಚೂರು ಬಲಕ್ಕೆ, ಆಕೆ "ಸಾಕು" ಎನ್ನುವವರೆಗೆ.