ದೇವಿ ಮುನಿದ ಹಿತ್ತಲು

ದಾವಣಗೆರೆಗೆ ಹೊಂದಿಕೊಂಡ ಆನೆಕೊಂಡದ ಮಾರಣ್ಣನ ಮನೆಯ ಹಿತ್ತಲಲ್ಲಿ ಏನು ಹಾಕಿದರೂ ಸಾಯುತ್ತಿತ್ತು. ಬದನೆ ಸಸಿ ಬೆಂಕಿ ತಾಗಿದಂತೆ ಒಣಗುತ್ತಿತ್ತು. ಮೆಣಸಿನ ಗಿಡ ಗೇಣುದ್ದ ಬೆಳೆದು ಎಲೆ ಮುದುರಿಕೊಳ್ಳುತ್ತಿತ್ತು. ಯಾರ ಅಪ್ಪಣೆಯನ್ನೂ ಕೇಳದೆ ತಿಪ್ಪೆಯ ಮೇಲೂ ಹಬ್ಬುವ ಕುಂಬಳಬಳ್ಳಿ ಕೂಡ ಇಲ್ಲಿ ನಾಲ್ಕೆಲೆ ಬಿಟ್ಟು ಮನಸ್ಸು ಬದಲಾಯಿಸುತ್ತಿತ್ತು. ಮಾರಣ್ಣನ ಹೆಂಡತಿ ಉಡಚಮ್ಮ ಸೊಸೆಯಾಗಿ ಬಂದ ವರ್ಷದಿಂದಲೂ ಹೀಗೇ. ಅದಕ್ಕೆ ಮೊದಲು ಅವಳ ಅತ್ತೆ ಇದೇ ನೆಲದಲ್ಲಿ ಬುಟ್ಟಿಗಟ್ಟಲೆ ಹೀರೆ, ಅವರೆ ಬಿಡಿಸುತ್ತಿದ್ದರಂತೆ. ಹಾಗಾಗಿ ತೀರ್ಮಾನ ಸುಲಭವಾಗಿತ್ತು. ಸೊಸೆ ಬಂದಳು, ಹಿತ್ತಲು ಸತ್ತಿತು.

ಈ ತೀರ್ಮಾನ ಕೊಟ್ಟವರು ಮಾರಣ್ಣನ ಅಣ್ಣ ತಿಪ್ಪೇರುದ್ರಪ್ಪ. ಹರಿಹರದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದ ಅವರು ಹಣೆ ತುಂಬ ವಿಭೂತಿ ಬಳಿದುಕೊಂಡು, ದೇವರ ಜೊತೆ ಬೆಳಿಗ್ಗೆ ತಾನೇ ಮಾತಾಡಿ ಬಂದವರಂತೆ ಓಡಾಡುತ್ತಿದ್ದರು. "ಆ ಹಿತ್ತಲ ಮ್ಯಾಲೆ ದುರುಗಮ್ಮನ ಸಿಟ್ಟೈತೆ. ಈಕಿ ಕೈಗುಣ ತಾಯಿಗೆ ಒಪ್ಪಿಲ್ಲ" ಎಂದು ಅವರು ಹೇಳಿದ ಮೇಲೆ ಅಪೀಲು ಇರಲಿಲ್ಲ.

ಮಾತು ಹಿತ್ತಲಲ್ಲೇ ನಿಂತಿದ್ದರೆ ಉಡಚಮ್ಮ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಶಾಮನೂರಿನಲ್ಲಿದ್ದ ಮನೆತನದ ಹೊಲದಲ್ಲಿ ಬಿತ್ತನೆಯಾಗುವಾಗ ಉಳಿದ ಹೆಂಗಸರು ಬೀಜದ ಬುಟ್ಟಿ ಹಿಡಿದರೆ ಇವಳಿಗೆ ಮರದಡಿ ಬುತ್ತಿ ಗಂಟಿಗೆ ನಾಯಿ ಬಾಯಿ ಹಾಕದಂತೆ ಕಾಯುವ ಕೆಲಸ. "ದೇವಿಗೆ ಸಿಟ್ಟು ಬಂದ್ರೆ ನನ್ನ ಮ್ಯಾಲೆ ಬರ್ಲಿ. ಬದನಿಕಾಯಿ ಏನ್ ಮಾಡಿತ್ತು ಪಾಪ" ಎಂದು ನಗುತ್ತಿದ್ದಳು. ಆದರೆ ನೀರು ಸೇದುವಾಗ ಒಮ್ಮೊಮ್ಮೆ ಹಗ್ಗ ನಿಲ್ಲಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದುದೂ ಉಂಟು.

ಕನ್ನಡ ನಾಡೆಲ್ಲ ಸೇರಿ ಮೈಸೂರು ರಾಜ್ಯ ದೊಡ್ಡದಾದ ಮರುವರ್ಷ ದಾವಣಗೆರೆಯಲ್ಲಿ ವ್ಯವಸಾಯ ಇಲಾಖೆಯವರು ಒಂದು ವಸ್ತುಪ್ರದರ್ಶನ ಇಟ್ಟರು. ಒಂದು ಡೇರೆಯ ಮುಂದೆ 'ನಿಮ್ಮ ಮಣ್ಣು ತನ್ನಿ, ಪರೀಕ್ಷಿಸಿ ಕೊಡುತ್ತೇವೆ' ಎಂದು ಬರೆದಿತ್ತು. ಪ್ರದರ್ಶನ ನೋಡಲು ಬಂದಿದ್ದ ಉಡಚಮ್ಮ ಮನೆಗೆ ಹೋಗಿ, ಮೊಳದಷ್ಟು ಆಳ ಅಗೆದು, ಹಳೇ ಕುಪ್ಪಸದ ತುಂಡಿನಲ್ಲಿ ಮಣ್ಣು ಕಟ್ಟಿಕೊಂಡು ಬಂದಳು. ಮೇಜಿನ ಹಿಂದೆ ಕರಿಬಸವರಾಜ ಎಂಬ ಅಧಿಕಾರಿ ಕೂತಿದ್ದ. ಹೊಸ ನೌಕರಿ, ಹೊಸ ಕನ್ನಡಕ. ಮಣ್ಣನ್ನು ನೀರಿನಲ್ಲಿ ಕಲಕಿ, ಗಾಜಿನ ಕೊಳವೆಗೆ ಸುರಿದು, ಒಂದು ಕಾಗದದ ಚೂರು ಅದ್ದಿದ. ಕಾಗದ ನೀಲಿಯಾಯಿತು.

"ಇದನ್ನ ಎಲ್ಲಿಂದ ತಂದ್ರಿ ಅಮ್ಮ?"

"ನಮ್ಮ ಹಿತ್ತಲದಿಂದ. ದೇವಿ ಸಿಟ್ಟು ಐತೆ ಅಂತಾರೆ ಅಲ್ಲಿ."

ಕರಿಬಸವರಾಜ ಇನ್ನೇನೋ ಹಾಕಿ ಕೊಳವೆಯನ್ನು ಬೆಳಕಿಗೆ ಹಿಡಿದ. "ಸಿಟ್ಟು ನೋಡೋ ಸಾಮಾನು ನಮ್ಮತ್ರ ಇಲ್ಲ ರೀ. ಉಪ್ಪು ಕಾಣ್ತೈತೆ. ಬಾಳ ಐತೆ."

"ಹೌದ್ರಿ. ನಾನೂ ನಾಲಿಗಿಗೆ ಹಚ್ಚಿ ನೋಡಿದ್ದೆ. ಸಾರಿಗೆ ಹಾಕ್ಬೋದಿತ್ತು."

ಅವನು ನಕ್ಕು, ಮಾಡಬೇಕಾದ್ದನ್ನೆಲ್ಲ ಹೇಳಿಕೊಟ್ಟ. ನೀರು ಹರಿದುಹೋಗಲು ಕಾಲುವೆ ತೋಡಬೇಕು. ಒಳ್ಳೆಯ ನೀರು ತುಂಬಿ ತುಂಬಿ ಉಪ್ಪನ್ನು ತೊಳೆಯಬೇಕು. ಎರೆಮಣ್ಣು ಸಡಿಲಾಗಲು ಮರಳು, ಗೊಬ್ಬರ ಸೇರಿಸಬೇಕು. ಮೊದಲ ಬೆಳೆಗೆ ಬದನೆ ಮೆಣಸಿನ ಆಸೆ ಬಿಡಬೇಕು. ಕೊನೆಗೆ ಸಣ್ಣ ಪೊಟ್ಟಣವೊಂದನ್ನು ಕೊಟ್ಟ. ಅದರೊಳಗಿನ ಬೀಜ ಜಜ್ಜಿದ ಕಡ್ಡಿಯ ಚೂರಿನ ಹಾಗಿತ್ತು.

"ಬೀಟ್ರೂಟು. ಇದಕ್ಕೆ ಉಪ್ಪಿನ ಹೆದರಿಕಿ ಇಲ್ಲ. ನೋಡ್ರಿ, ಬಂದ್ರೆ ಬಂತು."

ಮಾರಣ್ಣ ಹತ್ತಿ ಗಿರಣಿಯ ಪಾಳಿ ಮುಗಿಸಿ ಬಂದವನು ಗುದ್ದಲಿ ಕಂಡು ಹಾಗೇ ನಿಂತ. "ಮಿಲ್ಲಿನಾಗೆ ನೂಲು ತುಂಡಾದ್ರೆ ಗಂಟು ಹಾಕ್ತೀನಿ. ನಿನ್ನ ತಲಿಯೊಳಗೆ ಏನೋ ತುಂಡಾಗೈತೆ, ಅದಕ್ಕೇನು ಹಾಕ್ಲಿ?" ಎಂದ. ಎಂದವನೇ ಕಾಲುವೆ ತೋಡಿದ. ಪಕ್ಕದ ಮನೆಯ ಅಮೀನಾಬೀ ತನ್ನ ಆಡುಗಳ ಹಿಕ್ಕೆಯನ್ನೆಲ್ಲ ಕೊಟ್ಟಳು. ನೀರು ಹೊತ್ತು ಹೊತ್ತು ಉಡಚಮ್ಮನ ಸೊಂಟ ಬಿದ್ದುಹೋಯಿತು. ಓಣಿಯವರು ಬಂದು ಬೇಲಿ ಹಿಡಿದು ನಿಂತು, ನೆಲಕ್ಕೆ ಎಣ್ಣೆ ಸ್ನಾನ ಯಾವಾಗ ಎಂದು ಕೇಳಿ ಹೋದರು.

ಬೀಜ ಮೊಳೆತು ಬಂತು. ಮೊದಲು ಕೆಂಪು ದಂಟು, ಮೇಲೆ ಹೊಳೆಯುವ ಎಲೆ. ಉಡಚಮ್ಮ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಹೋಗಿ, ಇನ್ನೂ ಬದುಕಿವೆಯೇ ಎಂದು ಬಗ್ಗಿ ನೋಡುತ್ತಿದ್ದಳು. ಬದುಕಿದ್ದವು. ಎಲೆಯ ಕೆಳಗೆ ಮಣ್ಣು ಬಿರುಕು ಬಿಟ್ಟು ಗಡ್ಡೆಯ ಭುಜ ಕಾಣಿಸಿಕೊಂಡ ದಿನ ಅವಳಿಗೆ ಮಾತೇ ಹೊರಡಲಿಲ್ಲ. ಅಪರೂಪದ ಸಂಗತಿಯಾದ್ದರಿಂದ ಮಾರಣ್ಣ ಅದನ್ನು ಗಿರಣಿಯಲ್ಲೂ ಹೇಳಿಕೊಂಡ.

ಕಾಯಿತುರಿ, ಹಸಿಮೆಣಸಿನಕಾಯಿ ಹಾಕಿ ಪಲ್ಯ ಮಾಡಿದಳು. ಮಾರಣ್ಣ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡ. ಮರುದಿನ ಬೆಳಿಗ್ಗೆ ಚೆಂಬು ಹಿಡಿದು ಹೋದವನು ಬಿಳಿಚಿಕೊಂಡು ವಾಪಸು ಬಂದು ಗೋಡೆಗೆ ಒರಗಿ ಕೂತ.

"ಉಡಚಿ, ನಂದು ಮುಗೀತು. ರಕ್ತ ಹೋಗ್ತೈತೆ."

ಉಡಚಮ್ಮ ಸೆರಗು ಸಿಕ್ಕಿಸಿಕೊಂಡು ನೇರ ವ್ಯವಸಾಯ ಕಚೇರಿಗೆ ನಡೆದಳು. ಕರಿಬಸವರಾಜನ ಮುಂದೆ ನಿಂತು, "ಸ್ವಾಮಿ, ನಮ್ಮೋರು ಕೆಂಪಗೆ ಉಚ್ಚಿ ಹೊಯ್ಯಾಕ ಹತ್ಯಾರೆ" ಎಂದಳು. ಅಲ್ಲಿದ್ದ ಗುಮಾಸ್ತ ಎದ್ದು ಹೊರಗೆ ಹೋದ. ಕರಿಬಸವರಾಜ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ಅದು ಗಡ್ಡಿ ಬಣ್ಣ ರೀ. ಎಲ್ಲರಿಗೂ ಆಗಲ್ಲ, ಕೆಲವರಿಗೆ ಆಗ್ತೈತೆ. ತಾನೇ ಹೋಗ್ತೈತೆ. ಏನೂ ಭಯ ಇಲ್ಲ."

"ಬೀಜ ಕೊಡುವಾಗ್ಲೇ ಹೇಳ್ಬಾರ್ದಿತ್ತೇನ್ರಿ?"

"ಹೆಣ್ಮಕ್ಕಳ ಮುಂದೆ ಹೆಂಗೆ ಹೇಳೋದು ರೀ?"

ಅವಳು ದಾರಿಯುದ್ದಕ್ಕೂ ನಗುತ್ತ ಮನೆಗೆ ಬಂದಳು. ಮಾರಣ್ಣನಿಗೆ ನಗು ಬರಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಆ ವಾರವೇ ತಿಪ್ಪೇರುದ್ರಪ್ಪ ಮಂಡಿಪೇಟೆಗೆ ಸಾಮಾನು ಕೊಳ್ಳಲು ಬಂದವರು ಊಟಕ್ಕೆ ತಮ್ಮನ ಮನೆಗೆ ಬಂದರು. ಬಂದದ್ದು ಊಟಕ್ಕೆ ಮಾತ್ರವಲ್ಲ. ಹಿತ್ತಲಲ್ಲಿ ಏನೂ ಬೆಳೆಯುವುದಿಲ್ಲವಾದ್ದರಿಂದ ಅಲ್ಲೊಂದು ಗೋದಾಮು ಕಟ್ಟಿಬಿಡುವ ಯೋಚನೆ ಅವರಿಗಿತ್ತು. ಹಿತ್ತಲ ಬಾಗಿಲಲ್ಲಿ ನಿಂತು ಹಸಿರು ನೋಡಿ ಅವರ ಮಾತು ಅರ್ಧಕ್ಕೇ ನಿಂತಿತು.

"ಏನಮ್ಮ ಇದು?"

"ಬೀಟ್ರೂಟು ಭಾವಾರೆ."

"ತಿನ್ನೋದಾ?"

"ಕೂಡ್ರಿ, ಬಡಿಸ್ತೀನಿ."

ಅನುಮಾನದಿಂದ ಒಂದು ಚೂರು ಬಾಯಿಗಿಟ್ಟ ತಿಪ್ಪೇರುದ್ರಪ್ಪ ಆಮೇಲೆ ಪಾತ್ರೆ ಬರಿದಾಗುವ ತನಕ ತಲೆ ಎತ್ತಲಿಲ್ಲ. "ಸಿಹಿ ಐತೆ. ಆದ್ರೂ ದೇವಿ ಅಪ್ಪಣೆ ಇಲ್ಲದ ನೆಲ, ಹುಷಾರು" ಎಂದು ಬೆರಳು ನೆಕ್ಕಿಕೊಂಡರು.

ಕೈತೊಳೆಯಲು ಅವರು ಹೊರಗೆ ಹೋದಾಗ ಉಡಚಮ್ಮ ಗಂಡನ ತೋಳು ತಿವಿದಳು. "ನಾಳೆ ಹೆಂಗಾಗ್ತೈತೆ ಅಂತ ನಿಮ್ಮಣ್ಣಗೆ ಹೇಳ್ರಿ."

"ನಾ ಹೆಂಗೆ ಹೇಳ್ಲಿ? ಅವ್ನ ಮುಂದೆ ನಾನು ಇವತ್ತಿಗೂ ಬೀಡಿ ಸೇದಲ್ಲ. ನೀನೇ ಹೇಳು."

"ಭಾವನ ಮುಂದೆ ಉಚ್ಚಿ ಸುದ್ದಿ ನಾನು ತೆಗೀಲೇನು?"

ಇಬ್ಬರ ಮರ್ಯಾದೆಯೂ ಅಡ್ಡ ಬಂದು, ತಿಪ್ಪೇರುದ್ರಪ್ಪ ಏನೂ ತಿಳಿಯದೆ ಸಂಜೆಯ ಬಸ್ಸಿಗೆ ಹರಿಹರಕ್ಕೆ ಹೋದರು.

ಮರುದಿನ ಮಧ್ಯಾಹ್ನ ಹರಿಹರದಿಂದ ಆಳು ಬಂದ. ಯಜಮಾನರು ಹಾಸಿಗೆ ಹಿಡಿದಿದ್ದಾರೆ, ಕೂಡಲೇ ಬರಬೇಕಂತೆ. ಮಾರಣ್ಣ ಗಿರಣಿಯಲ್ಲಿದ್ದ. ಉಡಚಮ್ಮ ಒಬ್ಬಳೇ ಬಸ್ಸು ಹತ್ತಿದಳು. ಬೇನೆ ಯಾವುದೆಂದು ಅವಳಿಗೆ ಗೊತ್ತಿತ್ತು. ಹೋದ ಕೂಡಲೇ ಹೇಳಿಬಿಡಬೇಕು ಎಂದುಕೊಂಡಳು. ಹೇಗೆ ಹೇಳಿದರೆ ಭಾವನ ಮುಖ ಹೇಗಾಗಬಹುದು ಎಂದು ಊಹಿಸಿಕೊಂಡು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಕ್ಕದಲ್ಲಿ ಕೂತ ಮುದುಕಿ, ಅಳುತ್ತಿದ್ದಾಳೆಂದು ತಿಳಿದು ಬೆನ್ನು ಸವರಿದಳು.

ಹರಿಹರದ ಮನೆಯಲ್ಲಿ ಜನ ಸೇರಿದ್ದರು. ಒಬ್ಬ ಪೂಜಾರಿ ತೆಂಗಿನಕಾಯಿ, ಕುಂಕುಮ ಹರವಿಕೊಂಡು ಕೂತಿದ್ದ. ವಾರಗಿತ್ತಿ ಕಸ್ತೂರಮ್ಮ ಕಣ್ಣು ಊದಿಸಿಕೊಂಡು ಬಂದು ಕಿವಿಯಲ್ಲಿ, "ಒಳಗಿನ ರಕ್ತೆಲ್ಲ ಹೊಂಟೈತೆ ಕಣೆ. ಡಾಕ್ಟ್ರು ಬ್ಯಾಡ ಅಂತಾರೆ. ದೇವಿ ಕೆಲ್ಸಕ್ಕೆ ಡಾಕ್ಟ್ರು ಏನ್ ಮಾಡ್ತಾನೆ ಅಂತಾರೆ" ಎಂದಳು.

"ಅಕ್ಕ, ಅದು ಏನಂದ್ರೆ" ಎಂದು ಉಡಚಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಮಂಚದಿಂದ ತಿಪ್ಪೇರುದ್ರಪ್ಪ ಕೈ ಎತ್ತಿ ಕರೆದರು.

"ಉಡಚಮ್ಮ, ಹತ್ರ ಬಾ. ನಿನಗೆ ಒಂದು ಮಾತು ಹೇಳದೆ ಹೋದ್ರೆ ಆ ತಾಯಿ ನನ್ನ ಬಿಡಲ್ಲ. ಆ ಹಿತ್ತಲದ್ದು ತಿಂದೆ, ಅವತ್ತೇ ಹಿಡಕಂಡ್ಲು."

ಅವಳು ಮಂಚದ ಪಕ್ಕ ಕೂತಳು.

"ಲಡಾಯಿ ಕಾಲದಾಗೆ ಉಪ್ಪು ಸಿಗ್ತಿರ್ಲಿಲ್ಲ. ನಾನು ಗಾಡಿ ತುಂಬ ಉಪ್ಪಿನ ಚೀಲ ತಂದು ಆ ಹಿತ್ತಲ ಚಪ್ಪರದಾಗೆ ಬಚ್ಚಿಟ್ಟಿದ್ದೆ. ರೇಟು ಏರ್ಲಿ, ಮಾರಾಣ ಅಂತ. ಅವ್ವಗೆ ದನದ ಹಿಂಡಿ ಅಂದಿದ್ದೆ. ಆ ವರ್ಷ ಮಳಿ ಹೊಡೀತು ನೋಡು, ಚಪ್ಪರ ಬಿತ್ತು. ಬರೀ ಖಾಲಿ ಚೀಲ ಉಳಿದ್ವು. ಎಲ್ಲಾ ನೆಲಕ್ಕೆ ಇಳೀತು."

ಉಡಚಮ್ಮ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ನಗೆಮಾತುಗಳೆಲ್ಲ ಎಲ್ಲೋ ಹೋದವು.

"ಮತ್ತೆ ನನ್ನ ಕೈಗುಣ ಅಂದ್ರಿ."

"ಯಾರಾದ್ರೂ ಕೇಳಿದ್ರೆ ಏನಾದ್ರೂ ಹೇಳ್ಬೇಕಲ್ಲಮ್ಮ. ನೀನು ಆಗ ತಾನೆ ಬಂದಿದ್ದೆ."

ಅಷ್ಟೇ. ಅವಳ ತಪ್ಪೆಂದರೆ ಆಗ ತಾನೆ ಬಂದದ್ದು. ಉಡಚಮ್ಮನಿಗೆ ಮೊದಲು ಅಳು ಬಂತು, ಆಮೇಲೆ ಭಾವನ ಕಾಲು ಹಿಡಿದು ಮಂಚದಿಂದ ಕೆಳಗೆಳೆಯಬೇಕು ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಸಾಯುತ್ತೇನೆಂದು ತಿಳಿದಿರುವ ಮನುಷ್ಯನನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿಡುವುದು ಪಾಪ ಎಂದು ಅವಳಿಗೆ ಗೊತ್ತಿತ್ತು. ಪಾಪ ಮಾಡಿಯೇ ಬಿಡೋಣ ಎಂದುಕೊಂಡಳು.

"ಭಾವಾರೆ, ಇದನ್ನ ಅಕ್ಕನ ಮುಂದೆ, ಇವ್ರೆಲ್ಲರ ಮುಂದೆ ಇನ್ನೊಂದು ಸಲ ಹೇಳ್ರಿ. ಎದಿ ಭಾರ ಇಳೀತೈತೆ."

ತಿಪ್ಪೇರುದ್ರಪ್ಪ ಹೇಳಿದರು. ಕೇಳುವ ಜನ ಸುತ್ತ ನಿಂತಿದ್ದರಿಂದ ದನಿ ಗಟ್ಟಿಯಾಯಿತು. ಮಳೆಯ ವರ್ಣನೆ ಉದ್ದವಾಯಿತು, ಚಪ್ಪರ ಬಿದ್ದ ಸದ್ದು ಕೂಡ ಬಂತು. ಮುಗಿದ ಮೇಲೆ ಕಣ್ಣು ಮುಚ್ಚಿ ಕೈ ಜೋಡಿಸಿದರು.

"ಆತಲ್ಲ" ಎಂದಳು ಉಡಚಮ್ಮ. "ಈಗ ನಾನು ಹೇಳೋದು ಕೇಳ್ರಿ. ನೀವು ಸಾಯಲ್ಲ. ಆ ಗಡ್ಡಿ ತಿಂದ್ರೆ ಕೆಲವರಿಗೆ ಕೆಂಪಗೆ ಹೋಗ್ತೈತೆ. ನಿಮ್ಮ ತಮ್ಮಗೂ ಹೋಗಿತ್ತು. ಈಗ ಗಿರಣಿಯಾಗೆ ಗಟ್ಟಿಮುಟ್ಟಾಗಿ ದುಡೀತಿದಾರೆ."

ಪೂಜಾರಿ ನಿಧಾನವಾಗಿ ಕುಂಕುಮದ ಬಟ್ಟಲು ಮುಚ್ಚಿ, ತೆಂಗಿನಕಾಯಿಗಳನ್ನು ಚೀಲಕ್ಕೆ ತುಂಬಿಕೊಂಡು ಎದ್ದ. ತಿಪ್ಪೇರುದ್ರಪ್ಪ ಒಂದು ಕಣ್ಣು ತೆರೆದರು.

"ಗ್ಯಾರಂಟಿನಾ?"

"ಸರ್ಕಾರದೋರೇ ಹೇಳ್ಯಾರೆ."

ಅವರು ಎದ್ದು ಕೂತರು. ಬದುಕಿದೆನೆಂಬ ಸಂತೋಷಕ್ಕಿಂತ, ಸಾಯಲಿಲ್ಲವಲ್ಲ ಎಂಬ ಅವಮಾನವೇ ಮುಖದಲ್ಲಿ ಹೆಚ್ಚಿತ್ತು. "ಮೊದ್ಲೇ ಯಾಕ ಹೇಳ್ಲಿಲ್ಲ?" ಎಂದರು. ಆಮೇಲೆ ಸುತ್ತ ನಿಂತವರನ್ನು ನೋಡಿ, "ಜ್ವರದಾಗೆ ಏನೇನೋ ಅಂದೆ. ಉಪ್ಪೂ ಇಲ್ಲ, ಏನೂ ಇಲ್ಲ" ಎಂದರು.

ಕಸ್ತೂರಮ್ಮ ಗಂಡನ ಹಣೆಯ ಮೇಲೆ ಕೈ ಇಟ್ಟಳು. ವಿಭೂತಿ ಅಂಗೈಗೆ ಹತ್ತಿತು. "ತಣ್ಣಗೈತೆ" ಎಂದಳು. ಅವಳು ಗಂಡನಿಗೆ ಎದುರು ಮಾತಾಡಿದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ವರ್ಷಾ ವರ್ಷಾ ದಾವಣಗೆರಿಗೆ ಹೋಗಿ ಆ ತಾಯಿಗೆ ಸೀರಿ ಉಡಿಸೀನಿ. ಮಂಗಳವಾರ ಮಂಗಳವಾರ ಉಪಾಸ ಕುಂತೀನಿ. ಮೈದುನನ ಮನಿ ಮ್ಯಾಲಿನ ಸಿಟ್ಟು ಇಳೀಲಿ ಅಂತ. ನಾನು ಹಸ್ಕೊಂಡಿದ್ದು ನಿಮ್ಮ ಉಪ್ಪಿನ ಚೀಲಕ್ಕಾ?"

ತಿಪ್ಪೇರುದ್ರಪ್ಪ ಮತ್ತೆ ಮಲಗಿಕೊಂಡರು. ಕಸ್ತೂರಮ್ಮ ಅಡುಗೆಮನೆಗೆ ಹೋಗಿ, ಅವತ್ತು ಮಂಗಳವಾರವೇ ಆಗಿದ್ದರೂ ಉಡಚಮ್ಮನ ಎದುರು ಕೂತು ಹೊಟ್ಟೆ ತುಂಬ ಉಂಡಳು. ಸಾರಿನಲ್ಲಿ ಉಪ್ಪು ಕಡಿಮೆಯಾಗಿದೆ ಎಂದು ಉಡಚಮ್ಮ ಹೇಳಿದಾಗ ಇಬ್ಬರಿಗೂ ನಗು ತಡೆಯದಾಯಿತು. ಆಚೆ ಕೋಣೆಯಲ್ಲಿ ಮಂಚ ಕಿರ್ ಎಂದಿತು.

ಮುಂದಿನ ವಾರ ಹರಿಹರದ ಹೊಳೆಯ ಮರಳು ಗಾಡಿಗಟ್ಟಲೆ ಆನೆಕೊಂಡಕ್ಕೆ ಬಂತು. ಕಳಿಸಿದ್ದು ತಿಪ್ಪೇರುದ್ರಪ್ಪ, ಕಳಿಸುವ ಹಾಗೆ ಮಾಡಿದ್ದು ಕಸ್ತೂರಮ್ಮ. ಗೋದಾಮಿನ ಸುದ್ದಿ ಮತ್ತೆ ಏಳಲಿಲ್ಲ. ಹರಿಹರದ ಪುಂಡರು ಅಂಗಡಿಗೆ ಹೋಗಿ, ಮಳೆಯಲ್ಲಿ ನೆನೆಯದ ಉಪ್ಪು ಇದೆಯೇ ಎಂದು ಕೇಳುತ್ತಿದ್ದರಂತೆ. ಶಾಮನೂರಿನ ಬಿತ್ತನೆಯಲ್ಲಿ ದೊಡ್ಡವರು ಬೀಜದ ಬುಟ್ಟಿ ತಂದು ಉಡಚಮ್ಮನ ಕೈಗೇ ಕೊಟ್ಟರು. ಅವಳು ಇಸಿದುಕೊಂಡಳು, ಆದರೆ ಏನೂ ಆಗಿಲ್ಲವೆಂಬಂತೆ ನಗಲಿಲ್ಲ. ಇಷ್ಟು ವರ್ಷ ಎಲ್ಲಿತ್ತು ಈ ಬುಟ್ಟಿ ಎಂದು ಎಲ್ಲರ ಎದುರೇ ಕೇಳಿದಳು. ದೊಡ್ಡವರು ಎತ್ತುಗಳ ಕಡೆ ತಿರುಗಿದರು. ಬಿತ್ತನೆ ಶುರುವಾಯಿತು.

ಬೀಟ್ರೂಟಿನ ನಂತರ ಅವಳು ಹೂಕೋಸು ಹಾಕಿದಳು. ಕಸ್ತೂರಮ್ಮ ತಿಂಗಳಿಗೊಮ್ಮೆ ಬಂದು ಇರತೊಡಗಿದ್ದಳು. ಗಿಡಗಳು ಸೊಗಸಾಗಿ ಬಂದವು, ಹೂ ಮಾತ್ರ ಬರಲಿಲ್ಲ. ಬದಲಿಗೆ ಹಸಿರು ಹುಳ ಬಂದವು. ಒಂದು ಬೆಳಿಗ್ಗೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಹುಳ ಆರಿಸಿ ಡಬ್ಬಿಗೆ ಹಾಕುತ್ತಿದ್ದರು.

"ಇದೂ ಹೋತು ಅನ್ನು" ಎಂದಳು ಕಸ್ತೂರಮ್ಮ.

"ಹೋಗ್ಲಿ ಬಿಡಕ್ಕ. ಈ ಸಲ ನಿಜವಾಗ್ಲೂ ನನ್ನ ಕೈಯಿಂದಲೇ ಹೋಗೈತೆ" ಎಂದಳು ಉಡಚಮ್ಮ. ಆ ಮಾತಿನಲ್ಲಿ ಅವಳಿಗೆ ಎಂಥದೋ ಸಮಾಧಾನವಿತ್ತು. "ಕರಿಬಸವರಾಜಪ್ಪ ಗಜ್ಜರಿ ಗಡ್ಡಿ ಬೀಜ ಕೊಡ್ತೀನಿ ಅಂದಾನೆ. ಈ ಸಲ ಮೊದ್ಲೇ ಕೇಳಿದೀನಿ, ತಿಂದ್ರೆ ಯಾವ ಬಣ್ಣ ಅಂತ."

"ಏನಂದ?"

"ಗುಮಾಸ್ತ ಎದ್ದು ಹೊರಗೆ ಹೋದ."