ಕ್ಯಾಂಟೀನಮ್ಮನ ಕೆಂಡ

ಎಣ್ಣೆಯ ಹಡಗು ಜೆಟ್ಟಿಗೆ ತಾಗಿ ನಿಂತು, ಅದರ ಕಂಬಕ್ಕೆ ಕೆಂಪು ಬಾವುಟ ಏರಿತೆಂದರೆ ಆ ಬಂದರಿನಲ್ಲಿ ಬೆಂಕಿಗೆ ಬಹಿಷ್ಕಾರ. ಸಿಗರೇಟು ಸೇದುವವರು ಬೆರಳು ಕಚ್ಚಿಕೊಂಡು ಕೂರಬೇಕು, ವೆಲ್ಡಿಂಗಿನವರು ಕೈಕಟ್ಟಿ ನಿಲ್ಲಬೇಕು. ಬೆಂಕಿಪೊಟ್ಟಣ, ಲೈಟರು, ಮೊಬೈಲು ಎಲ್ಲವೂ ಗೇಟಿನ ಕಾವಲುಗಾರನ ತಗಡಿನ ಪೆಟ್ಟಿಗೆ ಸೇರಬೇಕು. ಜೆಟ್ಟಿಯ ಬುಡದಲ್ಲಿರುವ ಕ್ಯಾಂಟೀನಿನ ಇದ್ದಿಲ ಒಲೆ ಆರಬೇಕು. ಈ ಕೊನೆಯ ನಿಯಮ ಒಬ್ಬಳಿಗಾಗಿಯೇ ಇತ್ತು. ಅವಳೇ ಕ್ಯಾಂಟೀನಮ್ಮ.

ನ್ಯಾಯವಾಗಿ ನೋಡಿದರೆ ಅಲ್ಲಿಗೆ ಮೊದಲು ಬಂದದ್ದು ಕ್ಯಾಂಟೀನು, ಎಣ್ಣೆ ಬಂದದ್ದು ಆಮೇಲೆ. ಮೀನಿನ ದೋಣಿಗಳ ಕಾಲದಲ್ಲಿ ಅವಳ ಅತ್ತೆ ಇಟ್ಟಿಗೆ ಜೋಡಿಸಿ ಕಟ್ಟಿದ ಒಲೆ ಅದು. ಎಣ್ಣೆಯ ಜೆಟ್ಟಿ ಎದ್ದಾಗ ಕ್ಯಾಂಟೀನನ್ನು ಎತ್ತಿಬಿಡಬೇಕೆಂದು ಬಂದರಿನವರು ಹೊರಟರು. ಚಹಾ ಇಲ್ಲದಿದ್ದರೆ ಪೈಪು ಎತ್ತುವುದಿಲ್ಲವೆಂದು ಕೆಲಸಗಾರರು ಕೂತುಬಿಟ್ಟರು. ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಒಂದು ಒಪ್ಪಂದವಾಯಿತು. ಹಡಗು ಬರುವ ಮೊದಲೇ ಚಹಾ ಕಾಯಿಸಿ ದೊಡ್ಡ ಫ್ಲಾಸ್ಕುಗಳಿಗೆ ತುಂಬಿಡುವುದು, ಬಾವುಟ ಏರುವ ಹೊತ್ತಿಗೆ ಒಲೆ ಆರಿಸುವುದು.

ಆದರೆ ಕ್ಯಾಂಟೀನಮ್ಮ ಒಲೆ ಆರಿಸುತ್ತಿರಲಿಲ್ಲ, ಮುಚ್ಚುತ್ತಿದ್ದಳು.

ಕೆಂಡಗಳನ್ನು ಒತ್ತಾಗಿ ಕೂಡಿಸಿ, ಮೇಲೆ ನುಣ್ಣನೆಯ ಬೂದಿ ಹೊದಿಸಿ, ತಗಡಿನ ಮುಚ್ಚಳ ಹಾಕಿಬಿಟ್ಟರೆ ಮೇಲೆ ಕೈಯಿಟ್ಟರೂ ಬಿಸಿ ತಿಳಿಯದು. ಹಡಗು ಹೋದ ಮೇಲೆ ಬೂದಿ ಸರಿಸಿ ಎರಡು ಸಲ ಊದಿದರೆ ಒಲೆ ಎದ್ದು ಕೂರುತ್ತಿತ್ತು. ಈ ವಿದ್ಯೆ ಕಲಿಸಿದ್ದು ಅವಳ ಅತ್ತೆ. "ಒಲೆ ಹಚ್ಚೋದು ಯಾರಿಗೂ ಬರುತ್ತೆ ಕಣೇ. ಆರಿಸ್ದೆ ಇಟ್ಕೊಳ್ಳೋಳೇ ಮನೆ ಹೆಂಗಸು" ಎನ್ನುತ್ತಿದ್ದಳು ಆಕೆ. ಒಲೆ ಪೂರ್ತಿ ಆರಿದರೆ ಮನೆಯೂ ಆರುತ್ತದೆಂಬ ಭಯವನ್ನೂ ಆಕೆಯೇ ಬಿಟ್ಟುಹೋಗಿದ್ದಳು. ಗಂಡ ಕಣ್ಮುಚ್ಚಿದ ದಿನವೂ ಕ್ಯಾಂಟೀನಮ್ಮ ಅಳುತ್ತಲೇ ಹೋಗಿ ಕೆಂಡದ ಮೇಲೆ ಬೂದಿ ಎಳೆದು ಬಂದಿದ್ದಳು. ಕಣ್ಣಿಗೆ ಕಾಣದ್ದು ಬೆಂಕಿಯಲ್ಲ ಎಂಬುದು ಅವಳ ಲೆಕ್ಕ. ಹಾಗಾಗಿ ಇದರಲ್ಲಿ ಸುಳ್ಳಿದೆಯೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಹೀಗಿರುವಾಗ ಮನೆಗೆ ಸೊಸೆ ಬಂದಳು. ಸೊಸೆ ಬಂದದ್ದು ಸಾಲದೆಂಬಂತೆ ಬಂದರಿಗೆ ಸೇಫ್ಟಿ ಆಫೀಸರಾಗಿಯೂ ಬಂದಳು. ನೀಲಿ ಅಂಗಿ, ಹಳದಿ ಟೊಪ್ಪಿಗೆ, ಸೊಂಟದಲ್ಲಿ ಗ್ಯಾಸು ಅಳೆಯುವ ಡಬ್ಬಿ. ಬಾಯಿ ತೆರೆದರೆ ಮೊದಲು ಬರುವ ಮಾತು "ಬೇಡ". ಅಲ್ಲಿ ನಿಲ್ಲಬೇಡ, ಮೊಳೆ ಹೊಡೆದ ಬೂಟು ಬೇಡ, ಆ ಟಾರ್ಚು ಬೇಡ. ಕೆಲಸಗಾರರು ಅವಳಿಗೆ ಬೇಡಮ್ಮ ಎಂದೇ ಹೆಸರಿಟ್ಟರು. ಅತ್ತೆಗೆ ಚಳಿಗಾಲಕ್ಕೆಂದು ಮಗ ತಂದುಕೊಟ್ಟ ನೈಲಾನ್ ಶಾಲನ್ನು ಕೂಡ, ಅದು ಉಜ್ಜಿದರೆ ಕಿಡಿ ಹುಟ್ಟುತ್ತದೆಂದು, ಜೆಟ್ಟಿಗೆ ಹೊದ್ದು ಬರಬೇಡಿ ಎಂದಳು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಾನು ಸೊಸೆಯಾಗಿದ್ದಾಗ ಅತ್ತೆ ಕಾಲ. ಈಗ ಅತ್ತೆಯಾಗಿದೀನಿ, ಸೊಸೆ ಕಾಲ. ನನ್ನ ಕಾಲ ಯಾವ ಹಡಗಲ್ಲಿ ಬರುತ್ತೋ ಏನೋ" ಎಂದು ಕ್ಯಾಂಟೀನಮ್ಮ ಮಗನ ಮುಂದೆ ಗೊಣಗಿದಳು. ಮಗ ಹಡಗುಗಳನ್ನು ಎಳೆಯುವ ಟಗ್ ದೋಣಿಯ ಎಂಜಿನ್ ಡ್ರೈವರು. ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಏನು ಮಾಡುತ್ತದೋ ಅವನೂ ಅದನ್ನೇ ಮಾಡಿದ. ಸುಮ್ಮನಿದ್ದ.

ಪ್ರತಿ ಹಡಗಿಗೂ ಸೊಸೆ ಕ್ಯಾಂಟೀನಿನ ಬಾಗಿಲಿಗೆ ಬಂದು ಕೇಳುತ್ತಿದ್ದಳು: "ಅತ್ತೆ, ಒಲೆ ಆರಿದೆಯಾ?"

"ಆರಿದೆ ತಾಯಿ" ಎನ್ನುತ್ತಿದ್ದಳು ಕ್ಯಾಂಟೀನಮ್ಮ, ಲೋಟ ಒರೆಸುವ ಕೈ ನಿಲ್ಲಿಸದೆ. ಸೊಸೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು.

ಆ ದಿನ ಬೆಳಿಗ್ಗೆ ಬಂದದ್ದು ಪೆಟ್ರೋಲು ತುಂಬಿಸಿಕೊಳ್ಳುವ ಹಡಗು. ಕ್ಯಾಂಟೀನಿನ ಕಿಟಕಿಗೆ ಎಲ್ಲವೂ ಕಾಣುತ್ತಿತ್ತು. ತೊಡೆಗಾತ್ರದ ರಬ್ಬರ್ ಪೈಪುಗಳನ್ನು ಎತ್ತಿ ಜೋಡಿಸಿದರು. ಎಣ್ಣೆ ಚೆಲ್ಲಿದರೂ ಸಮುದ್ರ ಸೇರದಂತೆ ಹಡಗಿನ ಅಟ್ಟದ ತೂಬುಗಳಿಗೆಲ್ಲ ಬಿರಡೆ ಬಡಿದರು. ನೀರಿನ ಪೈಪುಗಳನ್ನು ಬಿಚ್ಚಿ ಸಾಲಾಗಿ ಹಾಸಿದರು. ಹಡಗಿನ ಆಚೆ ಮಗ್ಗುಲಲ್ಲಿ ಎರಡು ಉಕ್ಕಿನ ಹಗ್ಗಗಳನ್ನು ನೀರಿನ ಹತ್ತಿರದವರೆಗೆ ಇಳಿಬಿಟ್ಟರು. ಹಡಗಿಗೆ ಬೆಂಕಿ ಬಿದ್ದರೆ ಟಗ್ ದೋಣಿ ಆ ಹಗ್ಗ ಹಿಡಿದು ಅದನ್ನು ನಡುಸಮುದ್ರಕ್ಕೆ ಎಳೆದೊಯ್ಯಬೇಕು. ಎಲ್ಲರೂ ದೂರ ಓಡುವಾಗ ಹತ್ತಿರ ಬರಬೇಕಾದ ದೋಣಿ ಅದು. ಅದರ ಎಂಜಿನ್ ಕೋಣೆಯಲ್ಲಿ ಅವಳ ಮಗನಿದ್ದ.

ಬಾವುಟ ಏರಿತು. ಸೊಸೆ ಬಂದು ಕೇಳಿದಳು, ಕ್ಯಾಂಟೀನಮ್ಮ ಆರಿದೆ ಎಂದಳು. ಪಂಪು ಶುರುವಾಯಿತು.

ಸ್ವಲ್ಪ ಹೊತ್ತಿಗೆ ಪೈಪು ಮೇಸ್ತ್ರಿ ಫ್ಲಾಸ್ಕಿನ ಚಹಾಕ್ಕೆ ಬಂದ. ದೊಡ್ಡ ಹೊಟ್ಟೆಯ, ಹೊಟ್ಟೆಯಲ್ಲಿ ಮಾತು ನಿಲ್ಲದ ಮನುಷ್ಯ.

"ನಿಮ್ಮ ಸೊಸೆ ಗಟ್ಟಿಗಿತ್ತಿ ಬಿಡಕ್ಕ" ಎಂದ ಚಹಾ ಹೀರುತ್ತ. "ನಿನ್ನೆ ಮೀಟಿಂಗಲ್ಲಿ ನಾನೂ ಇದ್ದೆ. ಬಂದರು ಸಾಹೇಬ್ರು ಈ ಕ್ಯಾಂಟೀನ್ ಎತ್ತಿಸೇ ಬಿಡ್ತೀನಿ ಅಂತ ಪಟ್ಟು ಹಿಡಿದಿದ್ರು. ಈಯಮ್ಮ ಎದ್ದು ನಿಂತು, ಆ ಒಲೆಗೆ ನಾನು ಜವಾಬ್ದಾರಿ ಅಂದ್ಲು. ನಮ್ಮತ್ತೆ ಆರಿದೆ ಅಂದ್ರೆ ಆರಿದೆ, ಸುಳ್ಳಾದ್ರೆ ನನ್ನ ಕೆಲಸ ತೆಗೀರಿ ಅಂದ್ಲು. ಸಾಹೇಬ್ರು ಗಪ್ ಚುಪ್."

ಕ್ಯಾಂಟೀನಮ್ಮನ ಕೈ ಲೋಟದ ಮೇಲೆ ನಿಂತಿತು. "ಅವಳು ನನ್ಹತ್ರ ಹೇಳೇ ಇಲ್ವಲ್ಲ" ಎಂದಳು.

"ಹೇಳೋದೇನಿದೆ? ಮನೆಯೋರಲ್ವಾ" ಎಂದು ಮೇಸ್ತ್ರಿ ಬಾಯಿ ಒರೆಸಿಕೊಂಡು ಹೊರಟುಹೋದ.

ಕ್ಯಾಂಟೀನಮ್ಮ ಒಲೆಯ ಮುಂದೆ ಕುಕ್ಕರಿಸಿದಳು. ತಗಡಿನ ಮುಚ್ಚಳ ಎಂದಿನಂತೆ ತಣ್ಣಗಿತ್ತು. ಬೇಡಮ್ಮ ಬೇಡಮ್ಮ ಎಂದು ಊರೆಲ್ಲ ಆಡಿಕೊಳ್ಳುವಾಗ ತಾನೂ ಸೇರಿ ನಕ್ಕಿದ್ದು ನೆನಪಾಯಿತು. ಆ ಹುಡುಗಿ ಜಗತ್ತಿಗೆಲ್ಲ ಬೇಡ ಎಂದವಳು, ತನ್ನೊಬ್ಬಳ ಮಾತಿಗೆ ಕಣ್ಣುಮುಚ್ಚಿ ಹೂಂ ಎಂದಿದ್ದಳು. ಕ್ಯಾಂಟೀನಮ್ಮನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಭಯವೂ ಬಂತು. ಈಗಲೇ ನೀರು ಸುರಿದುಬಿಡೋಣವೆಂದರೆ ಬಿಸಿ ಕೆಂಡದ ಮೇಲೆ ನೀರು ಬಿದ್ದರೆ ಬೂದಿ ಸಿಡಿದು ಕಿಡಿ ಹಾರುತ್ತದೆ. ಹೊರಗೆ ಪೆಟ್ರೋಲು ಹರಿಯುತ್ತಿದೆ. ಸುಮ್ಮನಿದ್ದರೆ ಸಂಜೆಗೆ ಹಡಗು ಹೋಗುತ್ತದೆ, ನಾಳೆಯಿಂದ ನಿಜವಾಗಿ ಆರಿಸಿದರಾಯಿತು. ಇಷ್ಟು ವರ್ಷ ಏನೂ ಆಗಿಲ್ಲ, ಇವತ್ತು ಏನಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಹಾಗೆ ಹೇಳಿಕೊಳ್ಳುತ್ತಲೇ ಕಿಟಕಿಯಾಚೆ ನೋಡಿದಳು. ಕೆಂಪು ಬಾವುಟ ಕಂಬಕ್ಕೆ ಅಂಟಿಕೊಂಡು ಜೋತುಬಿದ್ದಿತ್ತು. ಗಾಳಿ ಸತ್ತಿತ್ತು.

ಇಷ್ಟು ವರ್ಷ ಏನೂ ಆಗದ್ದು ಗಾಳಿಯ ಪುಣ್ಯದಿಂದ. ಹಡಗಿನ ಹೊಟ್ಟೆಗೆ ಪೆಟ್ರೋಲು ಇಳಿದಂತೆ ಅಲ್ಲಿದ್ದ ಆವಿ ಹೊರಗೆ ಬರುತ್ತದೆ, ಗಾಳಿ ಅದನ್ನು ಕಡಲಿಗೆ ಒಯ್ಯುತ್ತದೆ. ಗಾಳಿ ಇಲ್ಲದ ದಿನ ಅದು ಎಲ್ಲಿಗೂ ಹೋಗುವುದಿಲ್ಲ. ಗಾಳಿಗಿಂತ ಭಾರವಾದ್ದರಿಂದ ಕೆಳಗಿಳಿದು ನೆಲ ಹಿಡಿದು ತೆವಳುತ್ತದೆ, ಚರಂಡಿಗಳಲ್ಲಿ ಮಲಗುತ್ತದೆ, ಬೆಂಕಿಯ ಮನೆ ಹುಡುಕುತ್ತದೆ. ಇದನ್ನು ಸೊಸೆ ಊಟದ ಹೊತ್ತಿನಲ್ಲಿ ಎಷ್ಟು ಸಲ ಹೇಳಿದ್ದಳೋ, ಕ್ಯಾಂಟೀನಮ್ಮ ಅಷ್ಟೂ ಸಲ ಇನ್ನೊಂದು ತುತ್ತು ಬಡಿಸಿ ಅವಳ ಬಾಯಿ ಮುಚ್ಚಿಸಿದ್ದಳು. ಈಗ ಬಾಗಿಲ ಸಂದಿಯಿಂದ ಪೆಟ್ರೋಲಿನ ವಾಸನೆ ಬಂತು.

ಪಂಪಿನ ಸದ್ದು ನಿಂತಿತು. ಸೊಸೆಯೇ ನಿಲ್ಲಿಸಿದ್ದಳು. ಡಬ್ಬಿಯನ್ನು ನೆಲಕ್ಕೆ ಹತ್ತಿರ ಹಿಡಿದು ಜೆಟ್ಟಿಯುದ್ದಕ್ಕೂ ಅಳೆಯುತ್ತ ಬರುತ್ತಿದ್ದಳು. ಕ್ಯಾಂಟೀನಿನ ಮುಂದಿನ ಚರಂಡಿಯ ಹತ್ತಿರ ಡಬ್ಬಿ ಕಿರುಚಿತು. ಅವಳು ತಲೆಯೆತ್ತಿ ಬಾಗಿಲ ಕಡೆ ನೋಡಿದಳು.

"ಅತ್ತೆ, ಒಲೆ ಆರಿದೆ ತಾನೇ?"

ಕೇಳುವಾಗಲೇ ಅವಳ ಹೆಜ್ಜೆ ಮುಂದಕ್ಕೆ ತಿರುಗಿತ್ತು, ಉತ್ತರ ಗೊತ್ತಿದ್ದವಳ ಹಾಗೆ. ಆರಿದೆ ಎಂದರೆ ಅವಳು ಹೋಗುತ್ತಾಳೆ. ಇಲ್ಲ ಎಂದರೆ ಕ್ಯಾಂಟೀನೂ ಹೋಗುತ್ತದೆ, ಅವಳ ಕೆಲಸವೂ ಹೋಗುತ್ತದೆ. ಕ್ಯಾಂಟೀನಮ್ಮನ ನಾಲಿಗೆಯ ತುದಿಯಲ್ಲಿ ಅಭ್ಯಾಸದ ಮಾತು ಬಂದು ನಿಂತಿತು. ಅವಳು ಅದನ್ನು ನುಂಗಿದಳು.

"ಇಲ್ಲ" ಎಂದಳು. "ಬೂದಿ ಕೆಳಗೆ ಕೆಂಡ ಇದೆ ಕಣೇ. ಇವತ್ತೊಂದಿನ ಅಲ್ಲ. ಯಾವಾಗ್ಲೂ ಇತ್ತು."

ಸೊಸೆಯ ಮುಖ ಬಿಳಿಚಿಕೊಂಡಿತು. ಒಂದು ಉಸಿರಿನಷ್ಟು ಹೊತ್ತು ಅವಳು ಬರೀ ಸೊಸೆಯಾಗಿ, ಕೆನ್ನೆಗೆ ಹೊಡೆಸಿಕೊಂಡವಳಂತೆ ನಿಂತಳು. ಆಮೇಲೆ ಆಫೀಸರಾದಳು.

"ಮುಚ್ಚಳ ಮುಟ್ಟಬೇಡಿ. ಕಿಟಕಿ ಹಾಕಿ, ಬಾಗಿಲು ಎಳ್ಕೊಂಡು ಮೆಲ್ಲಗೆ ಹೊರಗೆ ಬನ್ನಿ." ವೈರ್‌ಲೆಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಕ್ಯಾಂಟೀನಲ್ಲಿ ಆರದ ಕೆಂಡ ಇದೆ. ಹಡಗಿನ ಕವಾಟ ಮುಚ್ಚಿ. ಕ್ಯಾಂಟೀನಿಗೂ ಜೆಟ್ಟಿಗೂ ಮಧ್ಯ ನೀರಿನ ಪರದೆ ಬೇಕು, ಈಗಲೇ."

ಅಗ್ನಿಶಾಮಕದವರು ಮಂಜಿನಂತೆ ನೀರು ಚಿಮ್ಮಿಸಿದರು. ಕ್ಯಾಂಟೀನಮ್ಮ ಹೊರಗೆ ನಿಂತು ನೆನೆದಳು. ದೂರದಲ್ಲಿ ಟಗ್ ದೋಣಿ ಉಕ್ಕಿನ ಹಗ್ಗದ ಕಡೆ ಮೂತಿ ತಿರುಗಿಸಿ ಹತ್ತಿರ ಬರುತ್ತಿತ್ತು. ಅದನ್ನು ನೋಡಿ ಅವಳು ಗೋಡೆ ಹಿಡಿದು ನಿಂತಳು. ಯಾವ ದೇವರನ್ನೂ ಕರೆಯಲು ಬಾಯಿ ಬರಲಿಲ್ಲ.

ಚರಂಡಿಯ ಬಳಿ ಡಬ್ಬಿ ಸುಮ್ಮನಾಗುವವರೆಗೆ ಯಾರೂ ಬಾಗಿಲು ತೆರೆಯಲಿಲ್ಲ. ಸುಮ್ಮನಾದ ಮೇಲೆ ಒಬ್ಬ ಬಕೆಟ್ಟು ನೀರು ಹಿಡಿದು ಒಳಗೆ ನುಗ್ಗಲು ಹೋದ.

"ಸುರೀಬೇಡ, ಕಿಡಿ ಹಾರುತ್ತೆ" ಎಂದು ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಹೇಳಿದರು. ಮದುವೆಯಾದಂದಿನಿಂದ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದೇ ಇರಬೇಕು.

ಒದ್ದೆ ಗೋಣಿಚೀಲಗಳನ್ನು ಒಂದರ ಮೇಲೊಂದು ಹೊದಿಸಿದರು. ಅಂಚಿನಿಂದ ಸ್ವಲ್ಪಸ್ವಲ್ಪವೇ ನೀರು ಇಳಿಸಿದರು. ಒಲೆಯೊಳಗಿನ ಸದ್ದು ಬಹಳ ಹೊತ್ತು ಕೇಳಿಸಿತು, ಆಮೇಲೆ ನಿಂತಿತು. ಕ್ಯಾಂಟೀನಮ್ಮನ ಅತ್ತೆ ಹಚ್ಚಿದ ಬೆಂಕಿ ಅಲ್ಲಿಗೆ ಮುಗಿಯಿತು. ಕ್ಯಾಂಟೀನಮ್ಮ ಸದ್ದಿಲ್ಲದೆ ಅತ್ತಳು, ಆದರೆ ಮನೆ ಆರಿಲ್ಲವೆಂಬುದೂ ಅವಳಿಗೆ ಕಾಣುತ್ತಿತ್ತು. ಮಗನ ದೋಣಿ ಮತ್ತೆ ತನ್ನ ಜಾಗಕ್ಕೆ ಹಿಂದಿರುಗುತ್ತಿತ್ತು. ಗಾಳಿ ಎದ್ದ ಮೇಲೆ ಹಡಗು ಉಳಿದ ಪೆಟ್ರೋಲು ತುಂಬಿಸಿಕೊಂಡು ಹೋಯಿತು.

ಮರುದಿನ ಬಂದರು ಸಾಹೇಬರ ಕೋಣೆಯಲ್ಲಿ ಇಬ್ಬರನ್ನೂ ನಿಲ್ಲಿಸಿದರು. ಸಾಹೇಬರು ಕೂಗಾಡುವ ಜಾತಿಯಲ್ಲ, ಅದಕ್ಕೇ ಇನ್ನೂ ಹೆದರಿಕೆ.

ಕ್ಯಾಂಟೀನಮ್ಮನೇ ಮೊದಲು ಬಾಯಿಬಿಟ್ಟಳು. "ತಪ್ಪೆಲ್ಲ ನಂದು ಸಾಹೇಬ್ರೇ. ಕ್ಯಾಂಟೀನ್ ಮುಚ್ಚಿಸಿ. ಇವಳನ್ನ ತೆಗೀಬೇಡಿ. ಇವಳು ನನ್ನ ನಂಬಿದ್ಲು, ಅಷ್ಟೇ."

"ನನ್ನ ತಪ್ಪೂ ಅದೇ ಸಾರ್" ಎಂದಳು ಸೊಸೆ. "ಎಲ್ಲಾ ಪೈಪಿನ ಜಾಯಿಂಟನ್ನೂ ಕೈಯಿಟ್ಟು ನೋಡ್ತೀನಿ. ಅತ್ತೆ ಒಲೆ ಒಂದನ್ನ ಮಾತ್ರ ಬಾಗಿಲಲ್ಲೇ ನಿಂತು ಕೇಳಿ ಹೋಗ್ತಿದ್ದೆ. ಆಫೀಸರಾಗಿ ಕೇಳಿದೆ, ಸೊಸೆಯಾಗಿ ನಂಬಿದೆ. ಹಾಗೆ ಮಾಡಬಾರದಿತ್ತು."

ಸಾಹೇಬರು ಕಿಟಕಿಯಾಚೆ ಜೆಟ್ಟಿಯ ಕಡೆ ನೋಡಿದರು. "ನಿನ್ನೆ ಇವರು ಆರಿದೆ ಅಂದಿದ್ದರೆ" ಎಂದು ಶುರುಮಾಡಿ ಮಾತು ಅಲ್ಲಿಗೇ ಬಿಟ್ಟರು. ಕ್ಯಾಂಟೀನು ಆ ಜಾಗದಿಂದ ಏಳಲೇಬೇಕೆಂದರು. ಆದರೆ ಗೇಟಿನಾಚೆ, ದೊಡ್ಡ ಗೋಡೆಯ ಹಿಂದೆ, ಬಂದರಿನದೇ ಒಂದು ಹಳೆಯ ಉಗ್ರಾಣ ಖಾಲಿಯಿತ್ತು. ಬೇಕಿದ್ದರೆ ಅಲ್ಲಿ ನಡೆಸಬಹುದು ಎಂದರು. ಸೊಸೆಯ ಕೆಲಸ ಉಳಿಯಿತು, ಖಾಯಂ ಆಗುವುದು ಮಾತ್ರ ಮುಂದಕ್ಕೆ ಹೋಯಿತು. ಹೊರಗೆ ಬಂದ ಮೇಲೆ ಸೊಸೆ ಮನೆಯವರೆಗೂ ಅತ್ತೆಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಸೊಸೆಗೆ ನೋವಾಗಿತ್ತು, ಅದು ಒಂದೇ ದಿನಕ್ಕೆ ಹೋಗುವ ನೋವೂ ಆಗಿರಲಿಲ್ಲ. ಆಮೇಲೂ ಮನೆಯಲ್ಲಿ ಬೇಕಾದಷ್ಟೇ ಮಾತು, ಎಣಿಸಿದಷ್ಟೇ ನಗು.

ಉಗ್ರಾಣದಲ್ಲಿ ಹೊಸ ಒಲೆ ಎದ್ದಿತು. ಪೈಪು ಮೇಸ್ತ್ರಿ ಇಟ್ಟಿಗೆ ಹೊತ್ತ, ಮಗ ಗಾರೆ ಕಲಸಿದ. ಮುಂದಿನ ಹಡಗಿಗೆ ಬಾವುಟ ಏರಿದ ಹೊತ್ತಿಗೆ ಸೊಸೆ ಚಹಾಕ್ಕೆಂದು ಅಲ್ಲಿಗೆ ಬಂದಳು. ಅಷ್ಟು ದೂರಕ್ಕೆ ಒಲೆಯ ನಿಯಮ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ಅವಳು ಏನೂ ಕೇಳಲಿಲ್ಲ. ಬೆಂಚಿನ ತುದಿಯಲ್ಲಿ ಕೂತಳು.

ಕ್ಯಾಂಟೀನಮ್ಮ ಬಂದು ಅವಳ ಮಣಿಕಟ್ಟು ಹಿಡಿದು ಎಬ್ಬಿಸಿದಳು. ಒಲೆಯ ಹತ್ತಿರ ಕರೆದುಕೊಂಡು ಹೋಗಿ, ಆ ಕೈಯನ್ನು ಬೂದಿಯೊಳಗೆ ತಳದವರೆಗೆ ಇಳಿಸಿದಳು. ಬೂದಿ ತಣ್ಣಗಿತ್ತು. ಒಲೆ ನಿಜವಾಗಿ ಆರಿತ್ತು.

"ಬಾಯಿಂದ ಕೇಳ್ಬೇಡ. ಹೀಗೇ ಕೇಳು. ನನ್ನನ್ನೂ ಕೇಳು, ಎಲ್ರನ್ನೂ ಕೇಳು" ಎಂದಳು.

"ಇಲ್ಲಿ ಆರಿಸೋದು ಬೇಕಾಗಿಲ್ಲ ಅತ್ತೆ."

"ಗೊತ್ತು. ನನ್ನ ಮಗ ಆ ದೋಣೀಲಿ ಇರೋವರೆಗೂ, ನೀನು ಆ ಜೆಟ್ಟೀಲಿ ಇರೋವರೆಗೂ ಆರಿಸ್ತೀನಿ."

ಸೊಸೆ ಬೂದಿಯಿಂದ ಕೈ ತೆಗೆಯಲಿಲ್ಲ. ಅವಳ ಕಣ್ಣು ತುಂಬಿತು, ಮುಖ ಆಚೆ ತಿರುಗಿಸಿಕೊಂಡಳು. ಆಮೇಲೆ ಬೂದಿಯ ಕೈಯಲ್ಲೇ ಲೋಟ ಹಿಡಿದು ಫ್ಲಾಸ್ಕಿನ ಚಹಾ ಕುಡಿದು ಕೆಲಸಕ್ಕೆ ಹೋದಳು.

ಸಂಜೆ ಹಡಗು ಹೊರಟು ಬಾವುಟ ಇಳಿದ ಮೇಲೆ ಅವಳು ಮತ್ತೆ ಬಂದಳು. ಗೇಟಿನ ತಗಡಿನ ಪೆಟ್ಟಿಗೆಯಿಂದ ಒಂದು ಬೆಂಕಿಪೊಟ್ಟಣ ತಂದಿದ್ದಳು. ಒಲೆಯ ಮುಂದೆ ಕೂತು ತಾನೇ ಇದ್ದಿಲು ಹೇರಿ ಕಡ್ಡಿ ಗೀರಿದಳು. ಕಡ್ಡಿ ಆರಿತು. ಇನ್ನೊಂದು ಗೀರಿದಳು, ಅದೂ ಆರಿತು.

"ಬೆಂಕಿ ಆರಿಸೋದು ಮಾತ್ರ ಕಲಿಸಿದಾರೆ ನಿನಗೆ" ಎಂದು ಕ್ಯಾಂಟೀನಮ್ಮ ಪಕ್ಕದಲ್ಲಿ ಕುಕ್ಕರಿಸಿ, ಇದ್ದಿಲ ಕೆಳಗೆ ಸಣ್ಣ ಚಕ್ಕೆಗಳನ್ನು ತುರುಕಿದಳು. "ಇಲ್ಲಿ ಹಿಡಿ. ಅವಸರ ಮಾಡ್ಬೇಡ."

"ಬೇಡ ಅನ್ನೋದು ನನ್ನ ಮಾತು ಅತ್ತೆ" ಎಂದು ನಕ್ಕಳು ಸೊಸೆ.

ಈ ಸಲ ಚಕ್ಕೆ ಹತ್ತಿಕೊಂಡಿತು. ಹೊರಗೆ ಕೆಲಸಗಾರರು ಚಹಾಕ್ಕೆ ಬರುವ ಸದ್ದು ಕೇಳಿಸುತ್ತಿತ್ತು. ಇಬ್ಬರೂ ತಲೆಗೆ ತಲೆ ತಾಗಿಸಿ ಊದತೊಡಗಿದರು.